ಮುಖ ಚೆಂದ ಇರಲಿ

“ಕಾಲು ಅಲ್ಲಾಡಿಸಿದ್ರೆ ನೋಡು.”

ಫಲ್ಲಿ ಮಗಳ ತೊಡೆ ಚಿವುಟಿದಳು. ಆರು ವರ್ಷದ ಮಾಲಿಸ್‌ಳ ಎಡಪಾದವನ್ನು ಒಳಕ್ಕೆ ತಿರುಗಿಸಿ, ಬಲ ಮಂಡಿಯನ್ನು ಅದರ ಮೇಲೆ ವಾಲಿಸಿ, ಹಿಂದೆ ಸರಿದು ನೋಡಿದಳು. ಕೈ ಎಲ್ಲೂ ತಡವರಿಸಲಿಲ್ಲ. ದಿನಾ ಮಾಡುವ ಕೆಲಸದಂತಿತ್ತು.

“ಬಾಯಿನೂ ಸೊಟ್ಟ ಮಾಡ್ಲಾ ಅಮ್ಮ? ನಂಗೆ ಬರುತ್ತೆ.”

“ಬೇಡ. ಮುಖ ಚೆಂದ ಇರ್ಲಿ. ಕಾಲು ಮಾತ್ರ ಸಾಕು.”

ಸೈಕಲ್ ಚಕ್ರ ಹಚ್ಚಿದ ಕುರ್ಚಿಯಲ್ಲಿ ಮಾಲಿಸ್ ಗೊಂಬೆಯಂತೆ ಕೂತಳು. ಬೆಳಗ್ಗೆ ತಾನೇ ಟೊನ್ಲೆಸಾಪ್ ಸರೋವರದ ದಂಡೆಯಲ್ಲಿ ಬಾತುಕೋಳಿಗಳನ್ನು ಅಟ್ಟಿಸಿಕೊಂಡು ಓಡಿದ್ದಳು. ಊರೇ ನೋಡಿತ್ತು.

ಪಕ್ಕದ ಮನೆಯ ಸವೀ ಬೇಲಿಗೆ ಒರಗಿ ನಿಂತಿದ್ದಳು. “ಪಾಪ ಸುತ್ಕೊಳ್ಳುತ್ತೆ ಕಣೇ ಫಲ್ಲಿ. ಯಾರ ಪಾಲನ್ನ ಯಾರ ಹೆಸರಲ್ಲಿ ಕೇಳ್ತಿದ್ದೀಯ, ಗೊತ್ತಾ?”

“ನಿನಗಿಂತ ಚೆನ್ನಾಗಿ ಗೊತ್ತು. ಇವತ್ತೊಂದಿನ ಬಾಯಿ ಮುಚ್ಕೊಂಡಿರು ಅಕ್ಕ.”

ಕಂಬಗಳ ಮೇಲೆ ನಿಂತ ಮನೆಯ ಕೆಳಗೆ ನೆರಳಿತ್ತು. ಹಿಂದಿನ ಎರಡು ಕಂಬಗಳ ನಡುವೆ ಫಲ್ಲಿ ಹಳೆಯ ಲುಂಗಿಯೊಂದನ್ನು ಮರೆಗೆ ಕಟ್ಟಿದ್ದಳು. ಹೋಗಿ ಅದರ ಗಂಟನ್ನು ಮತ್ತೊಮ್ಮೆ ಬಿಗಿದಳು. ಮೋಸ ಬಯಲಾದರೆ ಈ ಮನೆಯ ಕಡೆಗೆ ಯಾವ ನೆರವಿನ ಸಂಸ್ಥೆಯೂ ತಿರುಗಿ ನೋಡುವುದಿಲ್ಲ.

ವ್ಯಾನು ಬಂತು. ಸಂಸ್ಥೆಯ ಅಧಿಕಾರಿ ವುತ್ಥಿ ಮೊದಲು ಇಳಿದ. ಹಿಂದೆಯೇ ಕ್ಯಾಮೆರಾ ಹೊತ್ತ ವಿದೇಶಿ ಹೆಂಗಸು ಮಾರ್ಗಿಟ್. ಇಲ್ಲಿನ ಅಂಗವಿಕಲ ಮಕ್ಕಳನ್ನು ಚಿತ್ರೀಕರಿಸಿ, ತನ್ನ ದೇಶದಲ್ಲಿ ತೋರಿಸಿ ದೇಣಿಗೆ ಎತ್ತುವುದು ಅವಳ ಕೆಲಸ. ಚಿತ್ರಕ್ಕೆ ಆಯ್ಕೆಯಾದ ಮಗುವಿನ ಮನೆಗೆ ಅಕ್ಕಿ, ಔಷಧಿ ತಪ್ಪದೆ ಬರುತ್ತಿತ್ತು.

ಮಾಲಿಸ್‌ಳನ್ನು ಕಂಡದ್ದೇ ಮಾರ್ಗಿಟ್‌ಳ ಮುಖ ಅರಳಿತು. ಏನೋ ಹೇಳಿದಳು.

“ಎಂಥ ಕಣ್ಣು ಅಂತಿದ್ದಾರೆ,” ವುತ್ಥಿ ಫಲ್ಲಿಗೆ ಹೇಳಿದ. “ಈ ಮುಖ ನೋಡಿದ್ರೆ ಕಲ್ಲೂ ಕರಗುತ್ತಂತೆ.”

ಕ್ಯಾಮೆರಾ ಓಡತೊಡಗಿತು. ನೊಣವೊಂದು ಮಾಲಿಸ್‌ಳ ಪಾದದ ಮೇಲೆ ಕೂತಿತು. ಪಾದ ಪಟಕ್ಕನೆ ಅದನ್ನು ಕೊಡವಿತು.

ವುತ್ಥಿ ನೋಡಿದ. ಅವನು ಕತ್ತಿನ ಬೆವರು ಒರೆಸಿಕೊಂಡು ತಾಳೆಮರಗಳ ಕಡೆ ತಿರುಗಿದ. “ಬಿಸಿಲು ಜೋರಾಯ್ತು. ಬೇಗ ಮುಗಿಸೋಣ. ನಿಂಗೇನು ಬೇಕು ಹೇಳು ಮರಿ.”

ಮಾಲಿಸ್‌ಗೆ ಅಮ್ಮ ಕಲಿಸಿದ ಉತ್ತರ ಮರೆತುಹೋಯಿತು. “ಮಾತ್ರೆ. ಫಿಟ್ಸ್ ಬರದಿರೋ ಮಾತ್ರೆ.”

ವುತ್ಥಿ ಮಾರ್ಗಿಟ್‌ಳ ಭಾಷೆಯಲ್ಲಿ ಹೇಳಿದ: “ಎಲ್ಲ ಮಕ್ಕಳ ಹಾಗೆ ಓಡಬೇಕಂತೆ.”

ಅವಳ ಕಣ್ಣು ತುಂಬಿಬಂತು.

ಆಗಲೇ ಲುಂಗಿಯ ಹಿಂದಿನಿಂದ ಗೊರಗೊರ ಸದ್ದು ಬಂತು. ಇನ್ನೊಮ್ಮೆ ಬಂತು, ಉದ್ದಕ್ಕೆ. ಮಾರ್ಗಿಟ್ ಕ್ಯಾಮೆರಾ ನಿಲ್ಲಿಸಿ ಅತ್ತ ಬೆರಳು ತೋರಿಸಿದಳು.

“ಹಂದಿ ಸಾರ್,” ಅಂದಳು ಫಲ್ಲಿ. “ನಾನೇ ಓಡಿಸ್ತೀನಿ.”

ಅಷ್ಟರಲ್ಲಿ ವುತ್ಥಿ ಅತ್ತ ಹೊರಟಾಗಿತ್ತು. ಅವಳು ಓಡಿಹೋಗಿ ಅವನ ತೋಳು ಹಿಡಿದಳು. “ಬೇಡ ಸಾರ್. ಅಲ್ಲಿ ಗಲೀಜು.”

ಅವನು ಲುಂಗಿ ಸರಿಸಿದ.

ಚಾಪೆಯ ಮೇಲೆ ಮಾಲಿಸ್‌ಳ ಅಕ್ಕ ರಮ್ದುಲ್ ಮಲಗಿದ್ದಳು. ಎಡಪಾದ ಒಳಕ್ಕೆ ತಿರುಚಿಕೊಂಡಿತ್ತು. ಬಲ ಮಂಡಿ ಅದರ ಮೇಲೆ ವಾಲಿತ್ತು. ಸೊಟ್ಟ ಬಾಯಿಯಿಂದ ಜೊಲ್ಲು ಇಳಿದು ಕಿವಿಯವರೆಗೂ ಹರಿದಿತ್ತು. ಅಮ್ಮನನ್ನು ಕಂಡು ಮತ್ತೆ ಅದೇ ಸದ್ದು ಮಾಡಿದಳು. ಅವಳು ನಗುವುದೇ ಹಾಗೆ.

“ಹೋದ ವರ್ಷ ಫಿಟ್ಸ್ ಮಾತ್ರೆಗೆ ಅಂತ ಇವಳನ್ನೇ ಹೊತ್ಕೊಂಡು ನಿಮ್ಮ ಹತ್ರ ಬಂದಿದ್ದೆ ಸಾರ್,” ಫಲ್ಲಿ ಪಿಸುಗುಟ್ಟಿದಳು. “ಇಂಥ ಮುಖ ನೋಡಿ ಯಾರೂ ದುಡ್ಡು ಕೊಡಲ್ಲ ಅಂತ ನೀವೇ ವಾಪಸ್ ಕಳಿಸಿದ್ರಿ. ಆ ಮೇಡಂ ಒಂದ್ಸಲ ನೋಡ್ಲಿ ಸಾರ್. ಒಂದೇ ಒಂದ್ಸಲ.”

ವುತ್ಥಿ ಆ ಮಗುವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಲುಂಗಿಯನ್ನು ಇಳಿಬಿಟ್ಟು, ಅಂಚು ನೆಲಕ್ಕೆ ತಾಗುವಂತೆ ಎಳೆದು, ಮಾರ್ಗಿಟ್ ಕಡೆ ನಗುತ್ತ ತಿರುಗಿದ.

“ಹಂದೀನೇ ಮೇಡಂ. ನೀವು ಶುರು ಮಾಡಿ.”