ಒದ್ದೆ ಬೂಟು

ಎದೆಮಟ್ಟದ ಹೊಳೆಯನ್ನು ಬಿಳಿ ದೊರೆ ಕುರ್ಚಿಯಲ್ಲಿ ಕೂತೇ ದಾಟುತ್ತಿದ್ದ. ಆಳುವ ಕಾಲು ಒದ್ದೆಯಾಗಬಾರದೆಂದು ಊರಿನ ನಾಲ್ವರು ಕುರ್ಚಿಯನ್ನು ಹೆಗಲ ಮೇಲೆ ಹೊತ್ತಿದ್ದರು.

“ಹೋದ ಮಳೆಗಾಲ ನನ್ನ ಹೆಂಡ್ತಿ ಇಲ್ಲೇ ಕೊಚ್ಕೊಂಡು ಹೋದ್ಲು, ಬುದ್ಧಿ. ಒಂದು ಸೇತುವೆ ಮಾಡಿಸ್ಕೊಡಿ,” ಎಂದ ಹೊತ್ತವರಲ್ಲೊಬ್ಬ.

“ಬಜೆಟ್ಟಿನಲ್ಲಿ ಹಣವಿಲ್ಲ.”

ಅಷ್ಟರಲ್ಲಿ ಸೇತುವೆ ಕೇಳಿದವನ ಕಾಲು ಜಾರಿತು. ಕುರ್ಚಿ ವಾಲಿ ದೊರೆಯ ಬೂಟು ನೀರಿಗಿಳಿಯಿತು. ನಾಲ್ವರೂ ಸೇರಿ ಕುರ್ಚಿಯನ್ನು ಮತ್ತೆ ಮೇಲೆತ್ತಿದರು.

ದೊರೆ ಒದ್ದೆ ಬೂಟನ್ನೇ ನೋಡಿದ. “ಈ ಹೊಳೆಯ ಕಷ್ಟ ನನಗೀಗ ಅರ್ಥವಾಯಿತು. ಈ ಸಲದ ಬಜೆಟ್ಟಿನಲ್ಲೇ ಹಣ ಇಡಿಸುತ್ತೇನೆ.”

“ನಿಮ್ಮ ಹೊಟ್ಟೆ ತಣ್ಣಗಿರ್ಲಿ, ಬುದ್ಧಿ!”

ಬಜೆಟ್ ಮಂಜೂರಾಯಿತು. ಸರ್ಕಾರದ ಗಾಡಿ ಹೊಳೆಯ ದಡಕ್ಕೆ ಬಂದಾಗ ಊರಿಗೆ ಊರೇ ತೆಂಗಿನಕಾಯಿ ಹಿಡಿದು ಓಡಿತು.

ಗಾಡಿಯಿಂದ ಇಳಿದದ್ದು, ಹಳೆಯದಕ್ಕಿಂತ ಒಂದು ಮೊಳ ಎತ್ತರದ ಕುರ್ಚಿ.