ಯರ್ರೆಪ್ಪನ ಬಲಹೆಗಲು

“ಭಾರ ಏನಾದ್ರೂ ಹೊರ್ತೀರೇನ್ರೀ?” ಕೂಡ್ಲಿಗಿಯ ಡಾಕ್ಟರು ಚೀಟಿಯಿಂದ ತಲೆ ಎತ್ತದೆ ಕೇಳಿದರು. “ಎಲ್ಲಿಯ ಭಾರ್ರೀ ಸಾಹೇಬ್ರ! ಕುರಿ ಕಾಯೋನು ನಾನು. ಒಂದು ಕೋಲು, ಒಂದು ಕಂಬಳಿ, ಅಷ್ಟ,” ಎಂದ ಯರ್ರೆಪ್ಪ. ಅವನ ನೋಯುವ ಬಲಹೆಗಲ ಮೇಲಿಂದ ಟಗರುಮರಿಯೊಂದು “ಬ್ಯಾ” ಎಂದಿತು.

ಡಾಕ್ಟರ ಪೆನ್ನು ನಿಂತಿತು. ತಾಯಿ ಸತ್ತ ಆ ಮರಿಯನ್ನು ಅದು ಹುಟ್ಟಿದ ದಿನವೇ ಯರ್ರೆಪ್ಪ ಹೆಗಲಿಗೇರಿಸಿಕೊಂಡಿದ್ದ. ಆಗ ಅದು ಮೊಲದಷ್ಟಿತ್ತು; ಈಗ ಕೊಂಬು ಮೂಡುತ್ತಿದ್ದವು. ಗಂಡನ ಹೆಗಲುನೋವಿಗೆ ಎಣ್ಣೆ ತಿಕ್ಕಿಸಿ, ಬಿಸಿ ಉಪ್ಪಿನ ಶಾಖ ಕೊಟ್ಟು, ಕೊನೆಗೆ ಬರೆಯನ್ನೂ ಹಾಕಿಸಿದ್ದ ಹೆಂಡತಿ ಭರಮಮ್ಮ ಪಕ್ಕದಲ್ಲೇ ನಿಂತು ಹಣೆ ಬಡಿದುಕೊಂಡಳು. “ಹೆಗಲ ಮ್ಯಾಲ ಮರಿ ಇಟ್ಗೊಂಡು ಊರೆಲ್ಲ ಔಷಧ ಹುಡುಕಿದ್ವಲ್ರೀ!”

“ಮೊದಲು ಅದನ್ನ ಇಳಿಸ್ರಿ. ಕೈಯನ್ನ ದಿನಾ ನಿಧಾನಕ್ಕ ಎತ್ತಿ ಇಳಿಸ್ರಿ. ಬ್ಯಾರೆ ಔಷಧ ಬ್ಯಾಡ,” ಎಂದು ಡಾಕ್ಟರು ನಕ್ಕರು. ಯರ್ರೆಪ್ಪನಿಗೆ ಮಾತ್ರ ನಂಬಿಕೆ ಬರಲಿಲ್ಲ. “ಮರಿ ಭಾರ ಹೆಂಗ ಆಗತೈತ್ರೀ?” ಎಂದು ಗೊಣಗುತ್ತ ಅದನ್ನು ನಡೆಸಿಕೊಂಡು ಹೊರಬಂದ.

ಬೀದಿಯಲ್ಲಿ ಲಾರಿಯೊಂದು ಹಾರನ್ ಹೊಡೆಯಿತು. ಬೆದರಿದ ಮರಿ ಅವನ ಕಾಲಿಗೆ ಒತ್ತಿಕೊಂಡು ಮುಖ ನೋಡಿತು. ಎತ್ತಿಕೊಳ್ಳಲು ಬಾಗಿದವನ ಹೆಗಲು ಚುಳುಕ್ಕೆಂದಿತು. ಅಷ್ಟರಲ್ಲಿ ಭರಮಮ್ಮ ಸೆರಗನ್ನು ಸೊಂಟಕ್ಕೆ ಸಿಗಿಸಿ, ಬೈಯುತ್ತಲೇ ಮರಿಯನ್ನೆತ್ತಿ ತನ್ನ ಹೆಗಲಿಗೇರಿಸಿಕೊಂಡಳು. ಒಂದು ಮಗ್ಗುಲಿಗೆ ವಾಲುತ್ತ ಊರಿಗೆ ಹೋಗುವ ಗುಡೇಕೋಟೆ ಬಸ್ಸಿನತ್ತ ನಡೆದವಳು, ಮರಿ ಅವಳ ಕಿವಿಯನ್ನು ಮೂಸಿದಾಗ ನಿಂತು, ಗಂಡನತ್ತ ತಿರುಗಿದಳು.

“ಖರೇನ, ಭಾರ ಏನಿಲ್ಲ ಬಿಡ್ರಿ.”