ತೋಳಿನ ಮೇಲಿನ ಚೀತ್ಕಾರ

ಮುಚ್ಚಿಹೋದ ಕೆರೆಯೊಂದು ತನ್ನ ಮೇಲೆ ಎದ್ದ ನಗರವನ್ನೇ ನುಂಗುವ ಕಥೆ, ಒಂಬತ್ತು ಹಾಡುಗಳಲ್ಲಿ. ಹೆವಿ ಮೆಟಲ್ ಸಂಗೀತ ತಂಡದ ಈ ಹೊಸ ಆಲ್ಬಮ್ಮಿನ ಬಗ್ಗೆ ಕಟ್ಟಾ ಅಭಿಮಾನಿ ಲೋಹಿತನಿಗೆ ಇದ್ದ ತಕರಾರು ಒಂದೇ: ಹಳೆಯ ಗಾಯಕನ ಜಾಗದಲ್ಲಿ ಯಾವಳೋ ಹಾಡಿದ್ದಳು. ಮೈ ಉರಿಯಲು ಅಷ್ಟೇ ಸಾಕಿತ್ತು.

ಬಿಡುಗಡೆಯ ದಿನ ಅವಳು ವೇದಿಕೆಗೆ ಬಂದಾಗ ಅಭಿಮಾನಿಗಳೆಲ್ಲ ಬೆನ್ನು ತಿರುಗಿಸಿ ನಿಂತರು. ಲೋಹಿತ್ ಮಾತ್ರ ಮುಂದೆ ನುಗ್ಗಿ ತೋಳು ಚಾಚಿದ. ತಂಡದ ಮೊದಲ ಆಲ್ಬಮ್ಮಿನಲ್ಲಿದ್ದ ಹಳೆಯ ಗಾಯಕನ ಚೀತ್ಕಾರದ ಧ್ವನಿಯ ಅಲೆಗಳನ್ನು ಅವನು ಮಣಿಕಟ್ಟಿನಿಂದ ಮೊಣಕೈವರೆಗೆ ಹಚ್ಚೆ ಹಾಕಿಸಿಕೊಂಡಿದ್ದ.

"ನೋಡು, ಇದು ನಮ್ಮಣ್ಣನ ಗಂಟಲು! ಹನ್ನೊಂದು ಸೆಕೆಂಡು! ನಿನ್ನ ಕೈಲಾಗತ್ತಾ?"

ಅವಳು ಬಗ್ಗಿ ನೋಡಿದಳು. "ಮಧ್ಯದಲ್ಲಿ ಗೆರೆ ಕಟ್ಟಾಗಿದೆಯಲ್ಲ, ಯಾಕೆ?"

"ಏಳನೇ ಸೆಕೆಂಡಲ್ಲಿ ದನಿ ಒಡೆಯತ್ತೆ. ಎದೆ ಒಡೆಯೋದು ಹಂಗೇ. ಅದು ಕಣಮ್ಮಾ ಕಲೆ ಅಂದ್ರೆ!"

ಅವಳು ಮೈಕನ್ನು ಕೆಳಗಿಟ್ಟು ಬರೀ ಗಂಟಲಲ್ಲಿ ಕಿರುಚಿದಳು. ಲೋಹಿತನ ಬೆರಳು ತಾನಾಗಿಯೇ ಹಚ್ಚೆಯ ಮೇಲೆ ಹರಿಯಿತು. ಗೆರೆ ಎದ್ದಲ್ಲಿ ದನಿ ಎದ್ದಿತು, ಇಳಿದಲ್ಲಿ ಇಳಿಯಿತು, ಏಳನೇ ಸೆಕೆಂಡಿಗೆ ಒಡೆದು ಮತ್ತೆ ಕೂಡಿಕೊಂಡಿತು. ಬೆನ್ನು ತಿರುಗಿಸಿದ್ದವರು ಒಬ್ಬೊಬ್ಬರಾಗಿ ಇತ್ತ ತಿರುಗಿದರು.

ಲೋಹಿತ್ ಸೋಲಲು ಸಿದ್ಧನಿರಲಿಲ್ಲ. "ಒಡಕನ್ನೂ ಕಾಪಿ ಹೊಡೆದಿದ್ದೀಯಲ್ಲ! ಎಷ್ಟು ದಿನ ಪ್ರ್ಯಾಕ್ಟೀಸ್ ಮಾಡ್ದೆ?"

"ಬೇಕಂತ ಒಡೆದಿದ್ದು ಇವತ್ತೇ," ಎಂದಳು ಅವಳು, ಮೈಕ್ ಎತ್ತಿಕೊಳ್ಳುತ್ತ. "ಮೊದಲ ಆಲ್ಬಮ್ ರೆಕಾರ್ಡಿಂಗ್ ದಿನ ನಿಮ್ಮಣ್ಣಂಗೆ ಗಂಟಲು ಕಟ್ಟಿತ್ತು ಅಂತ ಸ್ಟುಡಿಯೋಗೆ ನನ್ನ ಕರೆಸಿದ್ರು. ನಂಗೆ ನೆಗಡಿ ಆಗಿತ್ತು."